ನೂರಕ್ಕೆ ನೂರು ಡಿಜಿ ಬ್ಯಾಕಪ್ಪಂತೆ!

ಸರ್ಜಾಪುರ ರಸ್ತೆ ಕಡೆಯ ಹೊಸ ಅಪಾರ್ಟ್‌ಮೆಂಟೊಂದರ ಬ್ರೋಷರ್ ಈಗಷ್ಟೇ ವಾಟ್ಸಾಪಿಗೆ ಬಂತು. ಈಜುಕೊಳದ ಚಿತ್ರ, ಅದರ ಕೆಳಗೆ ದಪ್ಪಕ್ಷರದಲ್ಲಿ '100% ಡಿಜಿ ಬ್ಯಾಕಪ್'. ಅಂದ್ರೆ ಕರೆಂಟ್ ಹೋದ್ರೆ ಎಲ್ಲ ಮನೆಯ ಎಲ್ಲ ಲೋಡೂ ಡೀಸೆಲ್ ಜನರೇಟರ್ (ಡಿಜಿ) ಮೇಲೆ ಓಡುತ್ತಂತೆ. ಮೈ ಉರೀತು. ಪಂಪು, ಪ್ಯಾನೆಲ್ಲು ಅಂತ ನನ್ನ ಹಳೇ ರಾಗ ಗೊತ್ತಿರೋರು ಇವತ್ತೊಂದಿನ ಸಹಿಸ್ಕೊಳ್ಳಿ.

ಆ ಡೀಸೆಲ್ಲೇ ಸಿಗದಿದ್ರೆ? ದೇಶ ಬಳಸೋ ಕಚ್ಚಾತೈಲದಲ್ಲಿ ಶೇ 85ಕ್ಕೂ ಹೆಚ್ಚು ಹೊರಗಿಂದ ಬರೋದು. ಮಂಗಳೂರು, ಪಾದೂರು, ವಿಶಾಖಪಟ್ಟಣದಲ್ಲಿ ಬಂಡೆ ಕೊರೆದು ಮಾಡಿರೋ ಸರ್ಕಾರಿ ತುರ್ತು ಸಂಗ್ರಹ ಪೂರ್ತಿ ತುಂಬಿದ್ರೂ ಒಂಬತ್ತು-ಹತ್ತು ದಿನದ ಮಾತು. ಪೂರೈಕೆ ಇಳೀತಾ ಬಂದ್ರೆ ಮೊದಲು ದರ ಏರುತ್ತೆ, ಆಮೇಲೆ ರೇಷನ್ ಬರುತ್ತೆ. 2022ರಲ್ಲಿ ಶ್ರೀಲಂಕಾ ಕ್ಯೂಆರ್ ಕೋಡ್ ಕೊಟ್ಟು ವಾರಕ್ಕೆ ಬೈಕಿಗೆ 4 ಲೀಟರ್, ಕಾರಿಗೆ 20 ಲೀಟರ್ ಅಂತ ಮಾಡ್ತಲ್ಲ, ಹಾಗೆ. (ಅಲ್ಲಿ ಇಲ್ಲದೇ ಹೋದದ್ದು ತೈಲ ಕೊಳ್ಳೋಕೆ ಡಾಲರ್. ಬಂಕಿನ ಸಾಲಲ್ಲಿ ನಿಂತೋನಿಗೆ ಯಾವುದಾದ್ರೇನು!) ಸೋಮವಾರ ತುಂಬಿಸಿ ದಿನಕ್ಕೆ 60 ಕಿ.ಮೀ. ಓಡಿಸೋನ ಬೈಕು ಆ ಲೆಕ್ಕದಲ್ಲಿ ಬುಧವಾರ ರಾತ್ರಿಗೆ ಖಾಲಿ.

ಎಲ್ಲರೂ ಬೈಕು, ಕಾರಿನ ಚಿಂತೆಯಲ್ಲೇ ಇದ್ದಾರೆ. ನಗರದಂಚಿನಲ್ಲಿ ಮೊದಲು ಒಣಗೋದು ಬಚ್ಚಲಮನೆ ಕಣ್ರೀ.

ಒಂದು ಅಪಾರ್ಟ್‌ಮೆಂಟ್ ಲೆಕ್ಕ ಹಾಕೋಣ: 300 ಮನೆ, 1,200 ಜನ, ತಲೆಗೆ 135 ಲೀಟರ್ ನೀರು. ದಿನಕ್ಕೆ 1.62 ಲಕ್ಷ ಲೀಟರ್. ಕಾವೇರಿ ಬಾರದ, ಬೋರ್ ಬತ್ತಿದ ಜಾಗದಲ್ಲಿ ಇದು 12,000 ಲೀಟರಿನ ಹದಿನಾಲ್ಕು ಟ್ಯಾಂಕರ್. ಹೋಗಿಬರೋಕೆ 20 ಕಿ.ಮೀ. ಅಂತಿಟ್ಕೊಂಡ್ರೆ ಲೋಡಿಗೆ ಸುಮಾರು 5 ಲೀಟರ್ ಡೀಸೆಲ್. ಇನ್ನೊಂದು ಕಡೆ, 250 ಕೆವಿಎ ಸಾಮರ್ಥ್ಯದ ಡಿಜಿ ಫುಲ್ ಲೋಡಲ್ಲಿ ಗಂಟೆಗೆ 50 ಲೀಟರ್ ಕುಡಿಯುತ್ತೆ. ಒಂದು ಗಂಟೆ ಎಲ್ಲರ ಎಸಿ, ಗೀಸರ್ ಓಡಿಸಿದ ಡೀಸೆಲ್ಲಲ್ಲಿ ಹತ್ತು ಟ್ಯಾಂಕರ್ ನೀರು ಬರ್ತಿತ್ತು!

ಡೀಸೆಲ್ ಸ್ಟಾಕ್ ಇಟ್ರಾಯ್ತು ಅಂತೀರಾ? ಲೈಸೆನ್ಸ್ ಇಲ್ಲದೆ ಇಡಬಹುದಾದ್ದು 2,500 ಲೀಟರ್, ಅದೂ ಒಂದೊಂದು ಟ್ಯಾಂಕು ಸಾವಿರ ಲೀಟರ್ ಮೀರಬಾರದು. ಡಿಜಿ ಪಕ್ಕ 990 ಲೀಟರಿನ ಟ್ಯಾಂಕೇ ಕೂತಿರೋದು ಅದಕ್ಕೆ. 2,500 ಅಂದ್ರೆ 50 ಗಂಟೆ. ತಿಂಗಳಾನುಗಟ್ಟಲೆ ಇಟ್ರೆ ತಳದಲ್ಲಿ ನೀರು ನಿಂತು ಲೋಳೆ ಕಟ್ಟುತ್ತೆ, ಫಿಲ್ಟರ್ ಕಟ್ಕೊಳ್ಳುತ್ತೆ, ಬೇಕಾದ ದಿನವೇ ಇಂಜಿನ್ ಕೈಕೊಡುತ್ತೆ.

'ಇವಿ (ಎಲೆಕ್ಟ್ರಿಕ್ ಗಾಡಿ) ಇದೆ, ಛಾವಣಿ ಮೇಲೆ ಸೋಲಾರ್ ಇದೆ' ಅನ್ನೋ ಜಾಣರು ಕಮೆಂಟಿಗೆ ಬರ್ತಾರೆ, ಗೊತ್ತು. ಬನ್ನಿ. ನಿಮ್ಮ ಇವಿ ಟ್ಯಾಂಕರ್ ಎಳೆಯಲ್ಲ. ಬ್ಯಾಟರಿ ಇಲ್ಲದೆ ಕರೆಂಟ್ ಲೈನಿಗೇ ಜೋಡಿಸಿದ ಗ್ರಿಡ್-ಟೈ ಸೋಲಾರ್, ಲೈನ್‌ಮನ್‌ಗೆ ಶಾಕ್ ಹೊಡೀಬಾರದು ಅಂತ, ಕರೆಂಟ್ ಹೋದ ಕೂಡಲೇ ತಾನೂ ಆಫ್ ಆಗುತ್ತೆ. ನಡು ಮಧ್ಯಾಹ್ನದ ಬಿಸಿಲಲ್ಲೂ.

ಇನ್ನು ಸಂಪಿಂದ ನೇರ ನಲ್ಲಿಗೇ ಒತ್ತಡದಲ್ಲಿ ನೀರು ದೂಡೋ ಹೈಡ್ರೋ-ನ್ಯುಮ್ಯಾಟಿಕ್ ಪಂಪು! ಓವರ್‌ಹೆಡ್ ಟ್ಯಾಂಕ್ ಜಾಗ ಉಳಿಸಿ ಟೆರೇಸಲ್ಲಿ ಪಾರ್ಟಿ ಏರಿಯಾ ಮಾಡಿದ ಮಹಾಶಯರ ಕೊಡುಗೆ. ಕರೆಂಟ್ ಹೋದ್ರೆ ಸಂಪಲ್ಲಿ ನೀರಿದ್ರೂ ನಲ್ಲಿಗೆ ಬರಲ್ಲ. ಎಸ್‌ಟಿಪಿಯ (ಕೊಳಚೆ ನೀರು ಶುದ್ಧ ಮಾಡೋ ಘಟಕದ) ಗಾಳಿ ಊದೋ ಬ್ಲೋವರ್ ಅರ್ಧ ದಿನ ನಿಂತ್ರೆ ಗಾಳಿ ಸಿಗದೆ ಕೊಳೆ ತಿನ್ನೋ ಬ್ಯಾಕ್ಟೀರಿಯಾ ಸಾಯೋಕೆ ಶುರು. ಆ ವಾಸನೆ ಬ್ರೋಷರಲ್ಲಿ ಬರಲ್ಲ.

ಮಾಡಬೇಕಾದ್ದಿಷ್ಟು. ಡಿಜಿ ಪ್ಯಾನೆಲಲ್ಲಿ ನೀರಿನ ಪಂಪು, ಒಂದು ಬ್ಲೋವರ್, ಟವರಿಗೊಂದು ಲಿಫ್ಟು, ಫೈರ್ ಪಂಪು, ಮೆಟ್ಟಿಲ ದೀಪ ಇಷ್ಟನ್ನೂ ಬೇರೆ ಫೀಡರಿಗೆ (ಪ್ರತ್ಯೇಕ ಲೈನಿಗೆ) ಹಾಕ್ಸಿ. ಮನೆಗಳಿಗೆ ದೀಪ-ಫ್ಯಾನಿಗೆ ಸಾಕಾಗೋಷ್ಟು ಮಿತಿ ಇಡಿ. ಹಾಗಂತ ಹಳೇ 250 ಕೆವಿಎ ಡಿಜಿ ಮೇಲೇ ಸಣ್ಣ ಲೋಡ್ ಹಾಕ್ಬೇಡಿ. ಶೇ 30ಕ್ಕಿಂತ ಕಡಿಮೆ ಲೋಡಲ್ಲಿ ಓಡ್ತಾ ಇದ್ರೆ ಪೂರ್ತಿ ಉರಿಯದ ಡೀಸೆಲ್ ಸೈಲೆನ್ಸರಲ್ಲಿ ಕಪ್ಪಗೆ ಜಿನುಗುತ್ತೆ, ಕಾರ್ಬನ್ ಕಟ್ಟುತ್ತೆ. ಲೋಡ್ ಅಳೆದು ಪಕ್ಕಕ್ಕೆ ಸಣ್ಣದೊಂದು, 62.5 ಕೆವಿಎ ಆಸುಪಾಸಿನದ್ದು, ಇಡಿ. ಫೈರ್ ಪಂಪ್ ಎಳೆಯೋಕೆ ದೊಡ್ಡದು ಇದ್ದೇ ಇದೆ.

ನಿವಾಸಿಗಳ ವಾರ್ಷಿಕ ಸಭೆ ಎಜಿಎಮ್ಮಲ್ಲಿ ಹೇಳಿ ನೋಡಿ, 'ನಾವು ಪೂರ್ತಿ ಬ್ಯಾಕಪ್ಪಿಗೆ ದುಡ್ಡು ಕೊಟ್ಟಿದೀವಿ' ಅಂತ ಒಬ್ಬರು ಎದ್ದೇ ಏಳ್ತಾರೆ. ಕೊಟ್ಟಿದೀರಿ ಸ್ವಾಮಿ, ಇನ್ನೂ ಕೊಡ್ತೀರಿ. ಡಿಜಿಯಲ್ಲಿ ಲೀಟರ್ ಡೀಸೆಲ್ಲಿಗೆ ಬರೋದು ಮೂರು, ಮೂರೂವರೆ ಯೂನಿಟ್ ಕರೆಂಟ್. ಲೀಟರ್ 90 ರೂಪಾಯಿ ಇದ್ದಾಗಲೇ ಯೂನಿಟ್ಟಿಗೆ 26ರಿಂದ 30 ರೂಪಾಯಿ ಆಯ್ತು. 150 ಆದಾಗಿನ ಲೆಕ್ಕ ನೀವೇ ಹಾಕಿ, ಮೇಂಟೆನೆನ್ಸ್ ಬಿಲ್ ಕೈಯಲ್ಲೇ ಇದೆಯಲ್ಲ.