ಹಲ್ಲೀ, ನಿಂದ್ಯಾವೂರು?

ಬಸ್ಸಿನಲ್ಲಿ ಪಕ್ಕ ಕೂತವರು ಹೆಸರಿಗಿಂತ ಮೊದಲು ಊರು ಕೇಳುತ್ತಾರೆ. ‘ನಿಮ್ದು ಯಾವೂರಾಯ್ತು?’ ಬೆಂಗಳೂರು ಅಂದರೆ ಬಿಡುವುದಿಲ್ಲ. ‘ಅದಲ್ಲ, ಸ್ವಂತ ಊರು?’ ಕೋಲಾರದ ಕಡೆ. ‘ಕೋಲಾರದಲ್ಲಿ ಎಲ್ಲಿ?’ ಬಂಗಾರಪೇಟೆ ಹತ್ತಿರ ಒಂದು ಹಳ್ಳಿ. ಹಳ್ಳಿ ಹೆಸರು ಹೇಳಿ, ಅದರ ಪಕ್ಕದ ಗುಡ್ಡ ಯಾವುದು ಅಂತಲೂ ಹೇಳಿದ ಮೇಲೇ ಅವರಿಗೆ ಸಮಾಧಾನ. ಈ ಪ್ರಶ್ನೆಯನ್ನು ಹಲ್ಲಿಗೂ ಕೇಳಬಹುದು ಅಂತ ನನಗೆ ತಿಳಿದದ್ದು ಇತ್ತೀಚೆಗೆ.

ಮನೆ ಹಲ್ಲಿಗೆ ಕೇಳಿ ಪ್ರಯೋಜನವಿಲ್ಲ ಬಿಡಿ. ಟ್ಯೂಬ್‌ಲೈಟ್ ಹಿಂದೆ ಬಿಡಾರ ಹೂಡಿರುವ ಆ ಪ್ರಾಣಿ ಎಲ್ಲಿ ಬಲ್ಬು ಉರಿಯುತ್ತದೋ ಅಲ್ಲಿನವನು. ಏಷ್ಯಾದ ಮನೆ ಹಲ್ಲಿ ಹಡಗಿನ ಸಾಮಾನಿನ ಸಂದಿಯಲ್ಲಿ ಟಿಕೆಟ್ ಇಲ್ಲದೆ ಕೂತು ಹವಾಯಿ, ಆಸ್ಟ್ರೇಲಿಯಾ, ಮೆಕ್ಸಿಕೋವರೆಗೂ ಹೋಗಿ ನೆಲೆಸಿದೆ. ನಮ್ಮ ಸಾಫ್ಟ್‌ವೇರ್ ಹುಡುಗರಿಗಿಂತ ಮೊದಲೇ ಹೋಗಿದೆ, ವೀಸಾ ಗೋಜೂ ಇರಲಿಲ್ಲ. ಪಂಚಾಂಗದಲ್ಲಿ ಜಾಗ ಹಿಡಿದಿರುವುದೂ ಇದೇ. ತಲೆ ಮೇಲೆ ಬಿದ್ದರೆ ಏನು, ಎಡ ಭುಜದ ಮೇಲೆ ಬಿದ್ದರೆ ಏನು ಅಂತ ಪಟ್ಟಿಯೇ ಇದೆ. ಮಾತಿನ ನಡುವೆ ಅದು ಲೊಚಗುಟ್ಟಿದರೆ ನಮ್ಮ ಅತ್ತೆ ಬೆರಳಿನಿಂದ ನೆಲ ಕುಟ್ಟಿ ‘ಕೃಷ್ಣ ಕೃಷ್ಣ’ ಅಂದು, ಹೇಳುತ್ತಿದ್ದದ್ದು ನಿಜ ಅಂತ ಮೊಹರು ಒತ್ತುತ್ತಾಳೆ. ಹೇಳುತ್ತಿದ್ದದ್ದು ಪಕ್ಕದ ಮನೆಯವರ ಮೇಲಿನ ಚಾಡಿಯಾದರೂ ಸರಿ.

ಊರು ಕೇಳಬೇಕಾದದ್ದು ಇನ್ನೊಂದು ಹಲ್ಲಿಯನ್ನು. ಮನೆಯೊಳಗೆ ಬರುವುದು ಕಡಿಮೆ, ಹಗಲಲ್ಲಿ ಓಡಾಟ ಜಾಸ್ತಿ, ಬಂಡೆ ಸಂದಿಯೋ ಮರದ ತೊಗಟೆಯೋ ಅದರ ಮನೆ. ಮೂತಿಯಿಂದ ಬಾಲದ ಬುಡದವರೆಗೆ ಅಳೆದರೆ ಎಷ್ಟೋ ಜಾತಿಗಳು ಮೂರು ನಾಲ್ಕು ಸೆಂಟಿಮೀಟರ್ ಮೀರುವುದಿಲ್ಲ. ವಿಜ್ಞಾನಿಗಳು ಇವನ್ನು ನೆಮಾಸ್ಪಿಸ್ ಅನ್ನುತ್ತಾರೆ. ನಾನು ಸುಮ್ನೆ ಕುಳ್ಳ ಹಲ್ಲಿ ಅಂತ ಕರೆದುಕೊಂಡಿದ್ದೇನೆ. ಹತ್ತಿರದಿಂದ ನೋಡಿದರೆ ಎರಡು ವ್ಯತ್ಯಾಸ ಕಾಣುತ್ತವೆ. ಮನೆ ಹಲ್ಲಿಯ ಕಣ್ಣಿನ ಪಾಪೆ ಬೆಕ್ಕಿನದರಂತೆ ಉದ್ದ ಸೀಳು, ಇದರದು ದುಂಡಗೆ. ಮನೆ ಹಲ್ಲಿಯ ಬೆರಳ ತುದಿಯಲ್ಲಿ ಗೋಡೆಗೆ ಅಂಟುವ ಅಗಲ ಮೆತ್ತೆ ಇದೆ, ಇದಕ್ಕಿಲ್ಲ. ಬರೀ ಸಣಕಲು ಬೆರಳು, ಚೂಪು ಉಗುರು. ನುಣುಪು ಗಾಜಿನ ಮೇಲೆ ಇದರ ಆಟ ನಡೆಯುವುದಿಲ್ಲ. ಒರಟು ಕಲ್ಲೇ ಬೇಕು.

ಒರಟು ಕಲ್ಲಿಗೆ ನಮ್ಮ ಕಡೆ ಏನು ಬರ? ಬೆಂಗಳೂರಿನಿಂದ ಹೊರಟು ಕೋಲಾರ ದಾಟಿ ಆಂಧ್ರದವರೆಗೂ ಯಾರೋ ಆಡುತ್ತಾ ಬಿಟ್ಟು ಹೋದ ಗೋಲಿಗಳಂತೆ ಬಂಡೆಗಳು ಬಿದ್ದಿವೆ. ಮೇಲೆ ಕಾದ ಕಾವಲಿ, ಒಳಗೆ ಸಂದಿಯಲ್ಲಿ ತಂಪು. ಲಕ್ಷಾಂತರ ವರ್ಷಗಳಲ್ಲಿ ಸುತ್ತಲಿನ ನೆಲ ಒಣಗುತ್ತಾ ಬಂದಂತೆ ಕುಳ್ಳ ಹಲ್ಲಿಗಳು ತಂಪು ಉಳಿದ ಕಲ್ಲುಗುಡ್ಡಗಳಲ್ಲೇ ಉಳಿದುಕೊಂಡವು. ಈ ಗುಡ್ಡದಿಂದ ಆ ಗುಡ್ಡಕ್ಕೆ ನಾವು ಟಿವಿಎಸ್‌ನಲ್ಲಿ ಹತ್ತು ನಿಮಿಷಕ್ಕೆ ಹೋಗುತ್ತೇವೆ. ಅವಕ್ಕೆ ಅದು ಕಡಲು. ಹೋಗಿಲ್ಲ, ಬಂದಿಲ್ಲ, ಹೆಣ್ಣು ತಂದಿಲ್ಲ, ಕೊಟ್ಟಿಲ್ಲ. ಹಾಗೇ ಬೇರೆ ಬೇರೆ ಜಾತಿಗಳಾಗಿ ಕೂತಿವೆ.

2020ರಲ್ಲಿ ಇಂಥ ಹಲವು ಜಾತಿಗಳಿಗೆ ಹೆಸರು ಬಿತ್ತು. ತಮಿಳುನಾಡಿನ ಏಲಗಿರಿಯದು ಏಲಗಿರಿಯೆನ್ಸಿಸ್. ಆಂಧ್ರದ ಹಾರ್ಸ್ಲಿ ಹಿಲ್ಸ್‌ನದು ಗ್ರಾನಿಟಿಕೋಲ, ಅಂದರೆ ಗ್ರಾನೈಟ್ ವಾಸಿ. ಅಲ್ಲೇ ಕೆಳಗೆ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಯದು ಮತ್ತೊಂದು ಜಾತಿ. ನಮ್ಮ ಕೋಲಾರ ಜಿಲ್ಲೆಯದಕ್ಕೆ ಇಟ್ಟ ಹೆಸರು ಕೇಳಿ ನನಗೆ ಒಂದು ಕ್ಷಣ ಎದೆ ಉಬ್ಬಿತು. ನೆಮಾಸ್ಪಿಸ್ ಬಂಗಾರ. ಹೌದು, ನಮ್ಮ ಕನ್ನಡದ ಬಂಗಾರವೇ. ಜನ ಬಂಗಾರದ ಹಲ್ಲಿ ಮುಟ್ಟಲು ಕಂಚಿವರೆಗೂ ಹೋಗುತ್ತಾರೆ ನೋಡಿ!

ಹಂಪಿಯಲ್ಲೂ ಒಂದಿದೆ. 2015ರಲ್ಲಿ ಅದಕ್ಕೆ ಆದಿಐ ಅಂತ ಹೆಸರಿಟ್ಟರು. ಬೆಂಗಳೂರಿನದರ ಕಥೆ ಇನ್ನೂ ಹಳೆಯದು. ಮದ್ರಾಸ್ ಸೇನೆಯಲ್ಲಿ ವೈದ್ಯರಾಗಿದ್ದ ಜೆರ್ಡನ್ ಅನ್ನುವವರು 1853ರಲ್ಲೇ ಅದನ್ನು ಗುರುತಿಸಿ ಮೈಸೋರಿಯೆನ್ಸಿಸ್ ಅಂದರು. ಊರು ಬೆಂಗಳೂರು, ಹೆಸರು ಮೈಸೂರು. ಆಗ ಎಲ್ಲವೂ ಮೈಸೂರು ಸೀಮೆಯೇ ಆಗಿತ್ತಲ್ಲ. ಅವರು ಹಿಡಿದಿಟ್ಟಿದ್ದ ಮೂಲ ಹಲ್ಲಿ ಆಮೇಲೆ ಕಳೆದೇ ಹೋಯಿತು. ಕಡೆಗೆ 2009ರಲ್ಲಿ ಇನ್ನೊಂದನ್ನು ಹಿಡಿದು, ‘ಇನ್ನು ಮೇಲೆ ಇದೇ ಮಾದರಿ’ ಅಂತ ವಿಜ್ಞಾನಿಗಳು ತೀರ್ಮಾನಿಸಿದರು. ಕಳೆದುಹೋದ ಮೂಲ ಪತ್ರಕ್ಕೆ ನಕಲು ಮಾಡಿಸುವ ಕಷ್ಟ ಗೊತ್ತಿರುವವರಿಗೆ ಈ ಕಥೆ ಅರ್ಥವಾಗುತ್ತದೆ.

ಹೆಸರಿಡುವುದರಲ್ಲಿ ಇವರ ಖುಷಿಯೂ ಕಡಿಮೆಯಿಲ್ಲ. ಪಶ್ಚಿಮ ಘಟ್ಟದಲ್ಲಿ ಚಕಚಕನೆ ತಪ್ಪಿಸಿಕೊಂಡ ಒಂದು ಹಲ್ಲಿಗೆ ಜಾಕಿ ಚಾನ್ ಹೆಸರು. ಶ್ರೀವಿಲ್ಲಿಪುತ್ತೂರಿನ ಬೆಟ್ಟದ ಇನ್ನೊಂದಕ್ಕೆ 2024ರಲ್ಲಿ ವ್ಯಾನ್ ಗೋ ಹೆಸರು ಬಂತು. ಮೈಮೇಲಿನ ನೀಲಿ ಹಳದಿ ನೋಡಿ ಅವರಿಗೆ ಆ ಕಲಾವಿದ ಬಿಡಿಸಿದ ನಕ್ಷತ್ರದ ರಾತ್ರಿ ನೆನಪಾಯಿತಂತೆ. ನನ್ನನ್ನು ಕೇಳಿದರೆ ಬಂಗಾರವೇ ವಾಸಿ. ಕರೆಯಲು ಬಾಯಿಗೆ ಹಿತ.

ಒಂದು ಫಜೀತಿಯೂ ಆಗಿತ್ತು. ಆಫ್ರಿಕಾದಲ್ಲಿ, ನಮ್ಮಲ್ಲಿ, ಆಗ್ನೇಯ ಏಷ್ಯಾದಲ್ಲಿ ಇದೇ ಚಹರೆಯ ಹಲ್ಲಿಗಳಿದ್ದವು. ಎಲ್ಲವನ್ನೂ ನೆಮಾಸ್ಪಿಸ್ ಅನ್ನುವ ಒಂದೇ ರೇಷನ್ ಕಾರ್ಡಿಗೆ ಸೇರಿಸಿದ್ದರು. 2012ರಲ್ಲಿ ಡಿಎನ್‌ಎ ನೋಡಿದರೆ ಮೂರೂ ಬೇರೆ ಬೇರೆ ಮನೆತನ. ಕಲ್ಲಿನ ಮೇಲೆ ಬಾಳಿ ಬಾಳಿ ಮೂವರಿಗೂ ಒಂದೇ ಮುಖ ಬಂದಿತ್ತು, ಅಷ್ಟೇ.

ಆಫ್ರಿಕಾದ ಕುಳ್ಳರಲ್ಲಿ ಲೈಗೋಡ್ಯಾಕ್ಟಿಲಸ್ ಅನ್ನುವ ಇನ್ನೊಂದು ಬಳಗ ಇದೆ. ಇವಕ್ಕೆ ಬಾಲದ ತುದಿಯಲ್ಲೂ ಅಂಟುವ ಮೆತ್ತೆ, ಐದನೇ ಕಾಲಿನ ಹಾಗೆ. ಇವುಗಳ ಎರಡು ಜಾತಿ ದಕ್ಷಿಣ ಅಮೆರಿಕದಲ್ಲಿವೆ. ಎಂದೋ ಒಂದು ಕಾಲದಲ್ಲಿ ಮರದ ದಿಮ್ಮಿಯೋ ಏನೋ ಹಿಡಿದು ಅಟ್ಲಾಂಟಿಕ್ ದಾಟಿರಬೇಕು ಅನ್ನುತ್ತಾರೆ. ಆದರೆ ಅದೇ ಬಳಗದ ಕಡು ನೀಲಿ ಹಲ್ಲಿಗೆ ತಾಂಜಾನಿಯಾದ ಕಿಂಬೋಜ ಅನ್ನುವ ಸಣ್ಣ ಕಾಡು, ಅದರ ಸುತ್ತಿನ ಒಂದೆರಡು ತುಂಡು ಬಿಟ್ಟರೆ ಬೇರೆ ಊರಿಲ್ಲ. ಅದೂ ಅಲ್ಲಿನ ಕೇದಗೆ ಜಾತಿಯ ಗಿಡಗಳೇ ಬೇಕು. ಕೇದಗೆಯಲ್ಲಿ ನಮ್ಮವರಿಗೆ ಹಾವು ಕಾಣುತ್ತದೆ, ಅಲ್ಲಿ ಹಲ್ಲಿ. ಬಣ್ಣ ಚೆಂದ ಅಂತ ಸಾಕುವವರಿಗಾಗಿ ಹಿಡಿದು ಹಿಡಿದು ಈಗ ಅದು ಅಳಿವಿನ ಅಂಚಿಗೆ ಬಂದಿದೆ.

ಎಲ್ಲರಿಗಿಂತ ಕುಳ್ಳ ಕೆರಿಬಿಯನ್ನಿನವನು. ಡೊಮಿನಿಕನ್ ಗಣರಾಜ್ಯದ ಬೇಯಾಟ ದ್ವೀಪದಲ್ಲಿ ಸಿಕ್ಕ, 2001ರಲ್ಲಿ ಲೋಕಕ್ಕೆ ತಿಳಿದ ಈ ಹಲ್ಲಿಯ ಉದ್ದ ಬಾಲ ಬಿಟ್ಟು 16 ಮಿಲಿಮೀಟರ್. ಅದು ಎಷ್ಟಾಯಿತು ಅಂತ ನನಗೆ ಮನಸ್ಸಿಗೆ ಹತ್ತಿದ್ದು ಅತ್ತೆಯ ಊರಲ್ಲಿ, ಹುಣಸೆಹಣ್ಣಿನ ಕಾಲದಲ್ಲಿ.

ಅತ್ತೆ ಬಂಡೆ ಮೇಲೆ ಗೋಣಿ ಹಾಸಿ ಹುಣಸೆ ಬಡಿದು ಬೀಜ ತೆಗೆಯುತ್ತಿದ್ದಳು. ತಟ್ಟೆಯಿಂದ ಒಂದು ಬೀಜ ಎತ್ತಿಕೊಂಡು ನೋಡಿದೆ. ಇಷ್ಟೇ. ಇಷ್ಟರಲ್ಲಿ ಕಣ್ಣು, ಹೃದಯ, ಲಿವರ್, ನಾಲ್ಕು ಕಾಲು.

‘ಏನೋ ಅದು, ಬೀಜಕ್ಕೆ ಕಣ್ಣು ಹಾಕ್ತಿದ್ದೀಯ?’

ಹಲ್ಲಿ ವಿಷಯ ಹೇಳಿದೆ. ಅತ್ತೆಗೆ ಕೆರಿಬಿಯನ್ ಬೇಡವಾಗಿತ್ತು. ಆದರೆ ಬಂಗಾರ ಅನ್ನುವ ಹಲ್ಲಿ ನಮ್ಮ ಕಡೆ ಇದೆ ಅಂದಾಗ ಬಡಿಯುವ ಕೋಲು ನಿಂತಿತು.

‘ಕೆಜಿಎಫ್‌ನಾಗೆ ಬಂಗಾರ ಮುಗೀತು ಅಂತ 2001ರಾಗೇ ಗಣಿ ಮುಚ್ಚಿದ್ರು. ಇಲ್ಲೈತೆ ಅನ್ನು.’

ಇಬ್ಬರೂ ಬಂಡೆಯ ನೆರಳಿಗೆ ಬಗ್ಗಿ ನೋಡಿದೆವು. ಸಂದಿಯ ಬಾಯಲ್ಲಿ ಕಲ್ಲಿನದೇ ಬಣ್ಣದ ಒಂದು ಪುಟ್ಟ ಹಲ್ಲಿ ತಲೆ ಕೆಳಗಾಗಿ ಕೂತಿತ್ತು. ಬಂಗಾರವೋ, ಅದರ ದಾಯಾದಿಯೋ, ಹೇಳುವಷ್ಟು ವಿದ್ಯೆ ನನಗಿಲ್ಲ. ಒಳಗೆ ಕತ್ತಲಲ್ಲಿ ಬಿಳಿ ಚುಕ್ಕಿಯಂಥ ಎರಡು ಮೊಟ್ಟೆ ಕಲ್ಲಿಗೆ ಅಂಟಿದ್ದವು.

‘ಯಾವೂರಂತೆ ಇದು?’ ಅತ್ತೆ ಪಿಸುಗುಟ್ಟಿದಳು.

‘ಇದೇ ಬಂಡೆದು ಅತ್ತೆ.’

‘ಹಂಗಾದ್ರೆ ನಮ್ಮೋರೇ ಬಿಡು.’

ಬೆಂಗಳೂರಿಗೆ ಬಂದಿರು ಅಂತ ಹತ್ತು ವರ್ಷದಿಂದ ಕರೆಯುತ್ತಿದ್ದೇನೆ. ‘ಅಲ್ಲಿ ಗೋಡೆ ಜಾಸ್ತಿ, ನಂಗಾಗಲ್ಲ’ ಅನ್ನುತ್ತಾಳೆ. ಅವತ್ತು ಮತ್ತೆ ಕರೆಯೋಣ ಅಂತ ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಆಚೆ ಗುಡ್ಡದಲ್ಲಿ ಕ್ವಾರಿಯವರು ಸಿಡಿಸಿದರು. ಬೆಳಿಗ್ಗೆ ಬರುವಾಗ ಎದುರಾದ ಜಲ್ಲಿ ಲಾರಿಗಳೆಲ್ಲ ಅಲ್ಲಿಂದಲೇ ಬಂದದ್ದು. ಕಾಲ ಕೆಳಗಿನ ಬಂಡೆ ಗುಮ್ಮೆಂದಿತು, ತಟ್ಟೆಯಲ್ಲಿ ಹುಣಸೆ ಬೀಜಗಳು ಕುಣಿದವು. ಬಗ್ಗಿ ನೋಡಿದರೆ ಹಲ್ಲಿ ಒಳಗೆ ಹೋಗಿತ್ತು. ಅತ್ತೆ ಗೋಣಿಯನ್ನು ಸಂದಿಯಿಂದ ಒಂದು ಮೊಳ ಆಚೆಗೆ ಎಳೆದುಕೊಂಡು ಮತ್ತೆ ಬಡಿಯಲು ಕೂತಳು, ಈ ಸಲ ಸ್ವಲ್ಪ ಮೆಲ್ಲಗೆ.