ಸಾಲಗಾರನ ಚಳಿಗಾಲ

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದ ಹಿರಿಯರು ಕಂಬಳಿಯ ಉದ್ದದ ಬಗ್ಗೆ ಏನೂ ಹೇಳದೆ ಹೋದರು. ಸಾಲ ತೀರಿಸುವ ವರ್ಷವೇ ಚಳಿಯೂ ಜೋರಾದರೆ ಈ ಕೊರತೆ ಎದ್ದು ಕಾಣುತ್ತದೆ. ಮೊದಲ ವಾರ ಮನೆಯಲ್ಲಿ ಮಿತವ್ಯಯದ ಕ್ರಾಂತಿ. ಯಾರೋ ಬಾತ್‌ರೂಮಿನ ಬಲ್ಬು ಆರಿಸದೆ ಬಂದರೆಂದು ಮನೆಯ ಹಣಕಾಸು ಮಂತ್ರಿಗಳು ಅರ್ಧ ಗಂಟೆ ಉಪನ್ಯಾಸ ಕೊಡುತ್ತಾರೆ. ಅಷ್ಟೂ ಹೊತ್ತು ಅವರ ಬೆನ್ನ ಹಿಂದೆ 2000 ವಾಟಿನ ಹೀಟರ್ ಕೆಂಪಗೆ ಉರಿಯುತ್ತಿರುತ್ತದೆ. ಉಪನ್ಯಾಸ ಮುಗಿಯುವ ಹೊತ್ತಿಗೆ ಹೀಟರ್ ಒಂದು ಯೂನಿಟ್ ನುಂಗಿರುತ್ತದೆ. ಅದೇ ಒಂದು ಯೂನಿಟ್ಟಿನಲ್ಲಿ 9 ವಾಟಿನ ಆ ಎಲ್‌ಇಡಿ ಬಲ್ಬು 111 ಗಂಟೆ, ಅಂದರೆ ನಾಲ್ಕೂವರೆ ದಿನ ಹಗಲೂ ರಾತ್ರಿ ಉರಿಯಬಹುದಿತ್ತು.

ಚಳಿಗಾಲದ ಬಿಲ್ಲಿನಲ್ಲಿ ದೊಡ್ಡ ತಿಮಿಂಗಿಲಗಳು ಎರಡೇ: ಕೋಣೆ ಕಾಯಿಸುವುದು ಮತ್ತು ನೀರು ಕಾಯಿಸುವುದು. ಮೊಬೈಲ್ ಚಾರ್ಜರಿನ ಪ್ಲಗ್ ಕೀಳುವುದು, ಟಿವಿಯ ಕೆಂಪು ದೀಪ ಆರಿಸುವುದು, ಇವೆಲ್ಲ ಪುಣ್ಯದ ಕೆಲಸಗಳೇ. ಆದರೆ ಆ ಪುಣ್ಯದಿಂದ ಕಂತು ಕಟ್ಟಲಾಗುವುದಿಲ್ಲ. ದಿನಕ್ಕೆ ಐದು ಗಂಟೆ ಉರಿಯುವ 2000 ವಾಟಿನ ಹೀಟರ್ ತಿಂಗಳಿಗೆ 300 ಯೂನಿಟ್ ತಿನ್ನುತ್ತದೆ. ಕೈ ಹಾಕಬೇಕಾದದ್ದು ಅಲ್ಲಿಗೆ.

ಅಲ್ಲಿಗೆ ಕೈ ಹಾಕಲು ಹೊರಟವರು ಮೊದಲು ಮಾಡುವ ಕೆಲಸವೆಂದರೆ ‘ಕರೆಂಟ್ ಉಳಿಸುವ’ ಹೊಸ ಹೀಟರನ್ನು ಕಂತಿನ ಮೇಲೆ ತರುವುದು. ಎಣ್ಣೆ ತುಂಬಿದ್ದು, ಸೆರಾಮಿಕ್, ಫ್ಯಾನ್ ಇರುವುದು, ಇಲ್ಲದ್ದು, ಯಾವುದೇ ಆಗಲಿ, ಕಾಯಿಲ್ ಕಾಯಿಸುವ ಹೀಟರ್‌ಗಳೆಲ್ಲ ಒಂದು ಯೂನಿಟ್ ಕರೆಂಟಿಗೆ ಒಂದು ಯೂನಿಟ್ ಶಾಖವನ್ನೇ ಕೊಡುವುದು. ಹೆಚ್ಚು ಕೊಡಲು ಅವಕ್ಕೆ ಸಾಧ್ಯವಿಲ್ಲ, ಕಡಿಮೆ ಕೊಡಲು ಗೊತ್ತಿಲ್ಲ. ಬೆಲೆಯ ವ್ಯತ್ಯಾಸವೆಲ್ಲ ಸದ್ದಿಗೆ, ಚಕ್ರಕ್ಕೆ, ರಿಮೋಟಿಗೆ. ಇದಕ್ಕೆ ಹೊರತಾದದ್ದು ಹೀಟಿಂಗ್ ಮೋಡ್ ಇರುವ ಏಸಿ ಮಾತ್ರ. ಅದು ಶಾಖವನ್ನು ಹುಟ್ಟಿಸುವುದಿಲ್ಲ, ಹೊರಗಿನಿಂದ ಎಳೆದು ಒಳಗೆ ತರುತ್ತದೆ. ಹಾಗಾಗಿ ಸಾಧಾರಣ ಚಳಿಯಲ್ಲಿ ಒಂದು ಯೂನಿಟ್ಟಿಗೆ ಮೂರು ಯೂನಿಟ್‌ನಷ್ಟು ಶಾಖ ಸಿಗುತ್ತದೆ. ಅಂಥ ಏಸಿ ಗೋಡೆಯ ಮೇಲೆ ಆಗಲೇ ಇದ್ದರೆ, ‘ಏಸಿ ಇರೋದು ಬೇಸಿಗೆಗೆ’ ಎಂದು ಅದಕ್ಕೆ ಬಟ್ಟೆ ಹೊದಿಸಿಟ್ಟು, ಕೆಳಗೆ ಕಾಯಿಲ್ ಹೀಟರ್ ಹಚ್ಚಿಕೊಂಡು ಕೂರುವುದು ಶುದ್ಧ ದುಂದು. ಇನ್ನು ಬೇಗ ಬಿಸಿಯಾಗಲಿ ಎಂದು ಥರ್ಮೋಸ್ಟಾಟನ್ನು ಕಡೆಯ ಗೀಟಿಗೆ ತಿರುಗಿಸುವವರು ಪ್ರತಿ ಮನೆಯಲ್ಲೂ ಒಬ್ಬರಾದರೂ ಇರುತ್ತಾರೆ. ಅದು ವೇಗದ ಗುಂಡಿಯಲ್ಲ, ಎಲ್ಲಿ ನಿಲ್ಲಬೇಕೆಂದು ಹೇಳುವ ಗುಂಡಿ. ಕೋಣೆ ಕಾಯುವ ವೇಗ ಅಷ್ಟೇ ಇರುತ್ತದೆ. ಬೆವರಿ ಕಿಟಕಿ ತೆರೆಯುವ ತನಕ ಹೀಟರ್ ನಿಲ್ಲುವುದಿಲ್ಲ, ಅಷ್ಟೇ.

ಅಗ್ಗದ ದಾರಿ ಬೇರೆ ಇದೆ. ಕೋಣೆಯನ್ನು ಬಿಟ್ಟು ಮನುಷ್ಯನನ್ನು ಕಾಯಿಸಬೇಕು. ಚಾವಣಿಯ ಮೂಲೆಯಲ್ಲಿರುವ ಜೇಡ ಬೆಚ್ಚಗಿರಲೇಬೇಕೆಂದು ಯಾವ ಸಾಲಪತ್ರದಲ್ಲೂ ಬರೆದಿಲ್ಲ. ಸುಮ್ಮನೆ ಕೂತ ಮನುಷ್ಯನೇ ಸುಮಾರು 100 ವಾಟ್ ಶಾಖ ಹೊರಬಿಡುತ್ತಾನೆ. ನಾಲ್ಕು ಜನ ಒಂದೇ ಕೋಣೆಯಲ್ಲಿ ಬಾಗಿಲು ಹಾಕಿ ಕೂತರೆ 400 ವಾಟ್ ಪುಕ್ಕಟೆ. ನಾಲ್ಕು ಕೋಣೆಗಳಲ್ಲಿ ನಾಲ್ಕು ಫೋನು ಹಿಡಿದು ಕೂತರೆ ಅಷ್ಟೂ ವ್ಯರ್ಥ. ರಿಮೋಟ್ ಜಗಳದಿಂದ ಹುಟ್ಟುವ ಶಾಖವನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ.

ಮನುಷ್ಯನನ್ನು ಕಾಯಿಸುವ ಸಾಧನಗಳಲ್ಲಿ ರಬ್ಬರಿನ ಹಾಟ್ ವಾಟರ್ ಬ್ಯಾಗಿಗೆ ಸಾಟಿ ಇಲ್ಲ. ಒಂದೂವರೆ ಲೀಟರ್ ನೀರನ್ನು 20 ಡಿಗ್ರಿಯಿಂದ 80 ಡಿಗ್ರಿಗೆ ಕಾಯಿಸಲು ಬೇಕಾಗುವುದು 0.1 ಯೂನಿಟ್ಟಿಗಿಂತ ಚೂರು ಹೆಚ್ಚು. ದೊಡ್ಡ ಹೀಟರ್ ಅಷ್ಟನ್ನು ಸುಮಾರು ಮೂರು ನಿಮಿಷದಲ್ಲಿ ಮುಗಿಸುತ್ತದೆ. ಆದರೆ ಈ ಬ್ಯಾಗು ಮುಖ ನೋಡಿ ಮಣೆ ಹಾಕುವ ಜಾತಿಯದಲ್ಲ, ಅವಸರ ಮಾಡಿದವರನ್ನೆಲ್ಲ ಸುಡುತ್ತದೆ. ಕುದಿಯುವ ನೀರು ಸುರಿಯಬಾರದು. ಒಲೆಯಿಂದ ಇಳಿಸಿ ನಾಲ್ಕೈದು ನಿಮಿಷ ಬಿಡಬೇಕು, ಇಲ್ಲವಾದರೆ ರಬ್ಬರಿನ ಆಯುಷ್ಯ ಕಡಿಮೆಯಾಗುತ್ತದೆ. ಕತ್ತು ಹಿಡಿದು ನೆಟ್ಟಗೆ ನಿಲ್ಲಿಸಿ, ಮುಕ್ಕಾಲಿಗಿಂತ ಕಡಿಮೆ, ಮೂರನೇ ಎರಡು ಭಾಗ ತುಂಬಿಸಿದರೆ ಸಾಕು. ಆಮೇಲೆ ನೀರು ಬಾಯಿಯ ಹತ್ತಿರ ಬರುವವರೆಗೆ ಮೆಲ್ಲಗೆ ಒತ್ತಿ ಒಳಗಿನ ಗಾಳಿ ತೆಗೆದು ಬಿರಡೆ ತಿರುಗಿಸಬೇಕು. ಗಾಳಿ ಉಳಿದರೆ ಬ್ಯಾಗು ಬಲೂನಿನಂತೆ ಉಬ್ಬಿ ಬೇಗ ತಣಿಯುತ್ತದೆ. ಕೊನೆಗೆ ಸಿಂಕಿನ ಮೇಲೆ ತಲೆಕೆಳಗು ಹಿಡಿದು ಹಿಂಡಿ ನೋಡಿ. ಬಿರಡೆಯ ವಾಷರ್ ಸವೆದಿದ್ದರೆ ಅಲ್ಲೇ ತಿಳಿಯಲಿ. ರಾತ್ರಿ ಎರಡು ಗಂಟೆಗೆ ಹಾಸಿಗೆಯಲ್ಲಿ ತಿಳಿದರೆ, ಯಾರಿಂದಾದ ಅನಾಹುತ ಎಂದು ಮನೆಯವರೆಲ್ಲ ಮೊದಲು ಮಕ್ಕಳ ಕಡೆ ನೋಡುತ್ತಾರೆ.

ಬ್ಯಾಗಿಗೆ ವಯಸ್ಸೂ ಇದೆ. ಬಹಳಷ್ಟು ಬ್ಯಾಗುಗಳ ಕತ್ತಿನ ಕೆಳಗೆ ಒಂದು ಪುಟ್ಟ ಹೂವಿನ ಅಚ್ಚು ಇರುತ್ತದೆ. ಎಲ್ಲರೂ ಅದನ್ನು ಅಲಂಕಾರ ಎಂದುಕೊಳ್ಳುತ್ತಾರೆ. ನಡುವಿನ ಅಂಕಿ ತಯಾರಾದ ವರ್ಷ, ಸುತ್ತಲಿನ ಹನ್ನೆರಡು ದಳಗಳು ತಿಂಗಳುಗಳು. ಎರಡು ವರ್ಷ ದಾಟಿದ್ದರೆ, ಬಗ್ಗಿಸಿದಾಗ ಕತ್ತಿನ ಬಳಿ ಕೂದಲೆಳೆಯಂಥ ಬಿರುಕು ಕಂಡರೆ, ಅದಕ್ಕೆ ನಿವೃತ್ತಿ ಕೊಡಿ. ಉಳಿತಾಯದ ಹುಮ್ಮಸ್ಸಿನಲ್ಲಿ ಪಂಕ್ಚರ್ ಪ್ಯಾಚ್ ಹಾಕಲು ಹೋಗಬೇಡಿ. ಸುಟ್ಟ ತೊಡೆಯ ಔಷಧಿಯ ಖರ್ಚಿನಲ್ಲಿ ಎಷ್ಟೋ ಹೊಸ ಬ್ಯಾಗು ಬರುತ್ತವೆ.

ಎಲೆಕ್ಟ್ರಿಕ್ ಕಂಬಳಿಯೂ ಒಳ್ಳೆಯದೇ. 100 ವಾಟಿನದು ಎಂಟು ಗಂಟೆ ಉರಿದರೂ 0.8 ಯೂನಿಟ್. ಮಲಗುವ ಮುಂಚೆ ಅರ್ಧ ಗಂಟೆ ಹಾಕಿ ಆರಿಸಿದರೆ ಲೆಕ್ಕಕ್ಕೇ ಸಿಗದಷ್ಟು. ಅದನ್ನು ಸೀರೆಯಂತೆ ಮಡಚಿ ಟ್ರಂಕಿನ ಅಡಿಯಲ್ಲಿ ಒತ್ತಿಡಬಾರದು, ಒಳಗಿನ ತಂತಿ ಮುರಿದು ಮುರಿದ ಕಡೆ ಕಾಯುತ್ತದೆ. ಸುತ್ತಿಡಿ. ಅದರ ಜೊತೆಗೆ ಹಾಟ್ ವಾಟರ್ ಬ್ಯಾಗನ್ನೂ ಹಾಸಿಗೆಗೆ ಕರೆಯಬೇಡಿ. ಕರೆಂಟಿಗೂ ಸೋರುವ ನೀರಿಗೂ ಆಗಿಬರುವುದಿಲ್ಲ.

ಬಟ್ಟೆಯ ವಿಷಯದಲ್ಲಿ ಜನ ಮಾಡುವ ಎಡವಟ್ಟು ಕಾಲುಚೀಲದಿಂದ ಶುರುವಾಗುತ್ತದೆ. ಚಳಿ ಎಂದು ಒಂದರ ಮೇಲೊಂದು ಮೂರು ಜೊತೆ ಹಾಕಿ ಅದೇ ಹಳೆಯ ಶೂಗೆ ತುರುಕಿದರೆ ಪಾದ ಮೊದಲಿಗಿಂತ ತಣ್ಣಗಾಗುತ್ತದೆ. ಬೆಚ್ಚಗಿಡುವುದು ಎಳೆಗಳ ನಡುವೆ ನಿಂತ ಗಾಳಿ. ಬಿಗಿ ಮಾಡಿದರೆ ಆ ಗಾಳಿಯೂ ಹೋಯಿತು, ರಕ್ತದ ಓಡಾಟವೂ ತಗ್ಗಿತು. ಒಂದು ಜೊತೆ ಸಡಿಲ ಉಣ್ಣೆಯದು ಸಾಕು. ದಿನವಿಡೀ ಹಾಕಿದ ಕಾಲುಚೀಲದಲ್ಲೇ ಮಲಗಬೇಡಿ. ಕೈಗೆ ಒಣಗಿದಂತೆ ಕಂಡರೂ ಒಳಗೆ ಬೆವರಿನ ತೇವ ಇರುತ್ತದೆ, ಅದು ಆರುವಾಗ ಶಾಖ ಹೀರುತ್ತದೆ. ಟೋಪಿ ಹಾಕಿ, ಆದರೆ ದೇಹದ ಅರ್ಧ ಶಾಖ ತಲೆಯಿಂದಲೇ ಹೋಗುತ್ತದೆ ಎಂಬ ಮಾತು ನಂಬಬೇಡಿ. ತಲೆ ಇರುವುದು ಮೈಯ ಹತ್ತನೇ ಒಂದು ಭಾಗದಷ್ಟು, ಶಾಖ ಕಳೆಯುವುದೂ ಹೆಚ್ಚುಕಡಿಮೆ ಅಷ್ಟೇ. ಆ ಅರ್ಧದ ಮಾತು ನಿಜವಾಗಿದ್ದರೆ ಟೋಪಿ ಮಾತ್ರ ಹಾಕಿ ಓಡಾಡಬಹುದಿತ್ತು.

ಮಲಗುವಾಗ ಕಂಬಳಿಗಳನ್ನೆಲ್ಲ ಮೇಲೆ ಪೇರಿಸಿಕೊಂಡು ಉಸಿರು ಕಟ್ಟಿಸಿಕೊಳ್ಳುವ ಬದಲು ಒಂದನ್ನು ಕೆಳಗೆ ಹಾಸಿ. ಮೈಯ ಭಾರಕ್ಕೆ ತೆಳು ಹಾಸಿಗೆ ಅಪ್ಪಚ್ಚಿಯಾಗಿ ನೆಲದ ತಣ್ಣನೆ ನೇರ ಬೆನ್ನಿಗೆ ಬರುತ್ತದೆ. ಹಾಸಿಗೆ ನೆಲದ ಮೇಲೇ ಇದ್ದರೆ ಅಡಿಗೆ ರಟ್ಟಿನ ಪೆಟ್ಟಿಗೆ ಬಿಚ್ಚಿ ಹರಡಿದರೂ ವ್ಯತ್ಯಾಸ ಗೊತ್ತಾಗುತ್ತದೆ. ಬೆಳಿಗ್ಗೆ ಎತ್ತಿ ಗೋಡೆಗೆ ಒರಗಿಸದಿದ್ದರೆ ಮಾತ್ರ ಅಡಿಯಲ್ಲಿ ಬೂಷ್ಟು ಸಂಸಾರ ಹೂಡುತ್ತದೆ.

ಇನ್ನು ಬಾಗಿಲು. 80 ಸೆಂಟಿಮೀಟರ್ ಅಗಲದ ಬಾಗಿಲ ಕೆಳಗೆ 5 ಮಿಲಿಮೀಟರ್ ಸಂದು ಇದ್ದರೆ ಒಟ್ಟು 40 ಚದರ ಸೆಂಟಿಮೀಟರ್ ಆಯಿತು. ಗೋಡೆಯಲ್ಲಿ 7 ಸೆಂಟಿಮೀಟರ್ ಅಗಲದ ದುಂಡನೆ ತೂತಿಗೆ ಸಮ. ಅಂಥ ತೂತು ಕಂಡರೆ ಅದೇ ದಿನ ಮುಚ್ಚಿಸುತ್ತೇವೆ. ಉದ್ದಕ್ಕೆ ಹರಡಿ ಬಾಗಿಲ ಕೆಳಗೆ ಅಡಗಿದ್ದಕ್ಕೆ ವರ್ಷಗಟ್ಟಲೆ ಕ್ಷಮಿಸಿಬಿಟ್ಟಿದ್ದೇವೆ.

ಹಳೆ ಜೀನ್ಸಿನ ಒಂದು ಕಾಲನ್ನು ಬಾಗಿಲಿನ ಅಗಲದಷ್ಟು ಉದ್ದಕ್ಕೆ ಕತ್ತರಿಸಿ, ಚಿಂದಿ ಬಟ್ಟೆ ತುಂಬಿ, ಜಾರದಿರಲು ನಡುವೆ ಎರಡು ಹಿಡಿ ಮರಳಿನ ಗಂಟು ಇಟ್ಟು, ಎರಡೂ ತುದಿ ಹೊಲಿದರೆ ಅಡ್ಡ ದಿಂಬು ಸಿದ್ಧ. ಇದರ ಒಂದೇ ದೋಷ ಏನೆಂದರೆ, ಅದನ್ನು ಒಳಗಿಂದ ಇಡುವವರು ಒಳಗೇ ಇರಬೇಕು. ಕಡೆಯದಾಗಿ ಹೊರಗೆ ಹೋದವರು ಇಡಲಾರರು, ಕತ್ತಲಲ್ಲಿ ಎದ್ದವರು ಎಡವದೆ ದಾಟಲಾರರು. ಅದಕ್ಕೆ ಜೋಡಿ ದಿಂಬು ಮೇಲು. ಒಂದೇ ಬಟ್ಟೆಯ ಎರಡು ಅಂಚಿನಲ್ಲಿ ಎರಡು ತೆಳು ಕೊಳವೆ ಹೊಲಿದು, ನಡುವೆ ಬಾಗಿಲಿನ ದಪ್ಪದಷ್ಟು, ಅಂದಾಜು 4 ಸೆಂಟಿಮೀಟರ್, ಬರಿ ಬಟ್ಟೆ ಬಿಟ್ಟು ಬಾಗಿಲ ಕೆಳಗೆ ತೂರಿಸಬೇಕು. ಒಂದು ಕೊಳವೆ ಒಳಗೆ, ಒಂದು ಹೊರಗೆ. ಬಾಗಿಲು ತಿರುಗಿದಂತೆ ತಾನೂ ತಿರುಗುತ್ತದೆ.

ಚೌಕಟ್ಟಿನ ಸಂದಿಗೆ ಸ್ಪಂಜಿನ ಅಂಟು ಪಟ್ಟಿ. ಸಂದು 4 ಮಿಲಿಮೀಟರ್ ಇದ್ದರೆ ಪಟ್ಟಿ 6 ಮಿಲಿಮೀಟರ್ ಸಾಕು. ದಪ್ಪ ಇದ್ದಷ್ಟೂ ಒಳ್ಳೆಯದೆಂದು 10 ಮಿಲಿಮೀಟರಿನದು ತಂದರೆ ಚಿಲಕ ಬೀಳುವುದಿಲ್ಲ. ಆಮೇಲೆ ಭುಜ ಕೊಟ್ಟು ನೂಕಬೇಕು, ಧಡಾರ್ ಎನ್ನಬೇಕು, ಪಕ್ಕದ ಮನೆಯವರು ಜಗಳ ಎಂದುಕೊಳ್ಳಬೇಕು. ಸಾಬೂನು ನೀರಿನಲ್ಲಿ ಚೌಕಟ್ಟು ಒರೆಸಿ, ಪೂರ್ತಿ ಒಣಗಿದ ಮೇಲೆ, ಬಾಗಿಲು ಬಂದು ಒತ್ತುವ ಮುಖಕ್ಕೆ ಅಂಟಿಸಿ. ಬಾಗಿಲು ಉಜ್ಜಿಕೊಂಡು ಹೋಗುವ ಬದಿಗೆ ಅಂಟಿಸಿದ ಪಟ್ಟಿ ವಾರದೊಳಗೆ ಕಿತ್ತು ಯಾರದಾದರೂ ಸ್ವೆಟರಿಗೆ ಅಂಟಿರುತ್ತದೆ.

ಒಂದು ಕಡೆ ಮಾತ್ರ ಜಿಪುಣತನ ಬೇಡ. ಗ್ಯಾಸ್ ಉಪಕರಣ ಇರುವ ಕೋಣೆಯ ಗಾಳಿಕಿಂಡಿ ಮುಚ್ಚಬೇಡಿ. ಕೆಂಡದ ಅಗ್ಗಿಷ್ಟಿಕೆಯನ್ನು ಮುಚ್ಚಿದ ಕೋಣೆಗೆ ತರಲೇಬೇಡಿ. ಇದ್ದಿಲಿನಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮತ್ತು ಅದು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ನಿದ್ದೆಯಲ್ಲಿದ್ದವರಿಗೆ ಎಚ್ಚರವೇ ಆಗುವುದಿಲ್ಲ. ಹೂಕುಂಡದ ಕೆಳಗೆ ಮೇಣದಬತ್ತಿ ಹಚ್ಚುವ ‘ಪುಕ್ಕಟೆ ಹೀಟರ್’ ಕೂಡ ಬೆಂಕಿಗೆ ಆಹ್ವಾನ. ಕುಂಡ ಇಟ್ಟ ಮಾತ್ರಕ್ಕೆ ಮೇಣದಲ್ಲಿರುವ ಶಾಖ ಹೆಚ್ಚುವುದಿಲ್ಲ. 2000 ವಾಟಿನ ಹೀಟರ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಅದನ್ನು 6 ಆಂಪಿಯರಿನ ಎಕ್ಸ್‌ಟೆನ್ಶನ್ ಬೋರ್ಡಿಗೆ ಚುಚ್ಚಿದರೆ ಮೊದಲು ಬಿಸಿಯಾಗುವುದು ಬೋರ್ಡೇ. ಮನೆಯಲ್ಲಿ ವಯಸ್ಸಾದವರು, ಹಸುಗೂಸು, ಕಾಯಿಲೆಯವರು ಇದ್ದರೆ ಅವರ ಕೋಣೆ ತಣ್ಣಗಾಗಲು ಬಿಡಬಾರದು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಲಿ ಎಂದಿದೆ, ಇಂಥವರಿಗೆ ಅದಕ್ಕಿಂತ ಹೆಚ್ಚೇ ಬೇಕಾಗಬಹುದು.

ಒದ್ದೆ ಬಟ್ಟೆಯನ್ನು ಕೋಣೆಯೊಳಗೆ ಒಣಹಾಕುವುದೂ ಗುಟ್ಟಾಗಿ ಜೇಬು ಕತ್ತರಿಸುವ ಕೆಲಸ. ಒಂದು ಲೀಟರ್ ನೀರು ಆವಿಯಾಗಲು 0.7 ಯೂನಿಟ್‌ನಷ್ಟು ಶಾಖ ಬೇಕು, ಅದನ್ನು ನಿಮ್ಮ ಹೀಟರೇ ಕೊಡುತ್ತದೆ. ಆ ಆವಿ ರಾತ್ರಿ ಕಿಟಕಿಯ ಗಾಜಿಗೆ ಹತ್ತಿ, ಗೋಡೆಗೆ ಇಳಿದು, ಕಪ್ಪು ಚುಕ್ಕೆಯಾಗುತ್ತದೆ. ಕಿಟಕಿಯನ್ನು ದಿನವಿಡೀ ಒಂದು ಬೆರಳು ತೆರೆದಿಡುವ ಬದಲು ಎದುರುಬದುರಿನ ಎರಡನ್ನು ಐದು ಹತ್ತು ನಿಮಿಷ ಪೂರ್ತಿ ತೆರೆದು ಮುಚ್ಚಿ. ತೇವದ ಗಾಳಿ ಹೋಗುತ್ತದೆ, ಗೋಡೆಯ ಬಿಸಿ ಉಳಿಯುತ್ತದೆ.

ಇಷ್ಟೆಲ್ಲ ನಡುಗಿ ಉಳಿಸಿದ ಹಣ ಎಲ್ಲಿ ಹೋಗುತ್ತದೆ? ಬಹುತೇಕ ಎಲ್ಲೂ ಹೋಗುವುದಿಲ್ಲ, ಖಾತೆಯಲ್ಲೇ ಕೂತು ತಿಂಗಳ ಕೊನೆಯಲ್ಲಿ ತಾನಾಗಿ ಕರಗುತ್ತದೆ. ಬಿಲ್ಲು ಬಂದ ದಿನವೇ ಹೋದ ವರ್ಷದ ಇದೇ ತಿಂಗಳ ಬಿಲ್ಲಿನ ಯೂನಿಟ್ ಪಕ್ಕಕ್ಕಿಟ್ಟು ಕಳೆಯಿರಿ. ಹಣ ಹೋಲಿಸಿದರೆ ದರ ಬದಲಾದದ್ದು ಲೆಕ್ಕ ಕೆಡಿಸುತ್ತದೆ. ಉಳಿದ ಯೂನಿಟ್ಟಿನ ಹಣವನ್ನು ಅದೇ ದಿನ ಹೆಚ್ಚು ಬಡ್ಡಿಯ ಸಾಲಕ್ಕೆ ಕಟ್ಟಿಬಿಡಿ. ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿಯ ಒಂದು ಲಕ್ಷದ ಕಾರ್ಡ್ ಸಾಲಕ್ಕೆ ತಿಂಗಳಿಗೆ 5,000 ಕಟ್ಟಿದರೆ ಮೊದಲ ತಿಂಗಳು 3,000 ಬಡ್ಡಿಗೇ ಹೋಗುತ್ತದೆ, ಪೂರ್ತಿ ತೀರಲು 31 ತಿಂಗಳು. 6,000 ಕಟ್ಟಿದರೆ 24ನೇ ತಿಂಗಳು ಚಿಲ್ಲರೆ ಬಾಕಿಯಲ್ಲಿ ಮುಗಿಯುತ್ತದೆ, ಒಟ್ಟು 14,000ಕ್ಕೂ ಹೆಚ್ಚು ಉಳಿಯುತ್ತದೆ. ಚಿಕ್ಕ ಸಾಲವನ್ನು ಮೊದಲು ತೀರಿಸಿದರೆ ಮನಸ್ಸಿಗೆ ಹುರುಪು ಬರುವುದು ನಿಜ. ಹುರುಪಿನ ಬೆಲೆ ಎಷ್ಟೆಂದು ಬಡ್ಡಿಯ ಲೆಕ್ಕ ಹಾಕಿ ನೋಡಿಯೇ ನಿರ್ಧರಿಸಿ.

ಸಣ್ಣ ಮೊತ್ತವೊಂದನ್ನು ಮಾತ್ರ ಮುಟ್ಟದೆ ಬೇರೆ ಇಡಬೇಕು. ಕೈಯಲ್ಲಿ ಬಿಡಿಗಾಸಿಲ್ಲದಂತೆ ಎಲ್ಲವನ್ನೂ ಸಾಲಕ್ಕೆ ಸುರಿದ ವಾರವೇ ಗೀಸರ್ ಕೆಡುತ್ತದೆ, ಹಲ್ಲು ನೋಯುತ್ತದೆ, ಮತ್ತೆ ಅದೇ ಕಾರ್ಡು ಹೊರಬರುತ್ತದೆ. ಕಂತಿನ ಸಾಲಕ್ಕೆ ಹೆಚ್ಚುವರಿ ಕಟ್ಟುವ ಮೊದಲು ದಂಡ ಇದೆಯೇ ಎಂದು ಕೇಳಿ. ಹಣ ಅಸಲಿಗೆ ಜಮಾ ಆಗಲಿ, ಕಂತಿನ ಮೊತ್ತ ಇಳಿಸುವುದು ಬೇಡ, ಅವಧಿ ಇಳಿಸಿ ಎಂದು ಬರವಣಿಗೆಯಲ್ಲಿ ಕೊಡಿ. ಬಾಯಿಮಾತಿನಲ್ಲಿ ಹೇಳಿದರೆ ಅದು ಮುಂದಿನ ತಿಂಗಳ ಕಂತಿನ ಮುಂಗಡವಾಗಿ ಸುಮ್ಮನೆ ಕೂತಿರಬಹುದು.

ಕೊನೆಯ ಕಂತು ಕಟ್ಟಿದ ಮೇಲೆ ಬಾಕಿ ಇಲ್ಲವೆಂಬ ಪತ್ರ ಪಡೆಯಿರಿ, ಅಡವಿಟ್ಟ ಕಾಗದಪತ್ರ ವಾಪಸು ತನ್ನಿ, ಖಾತೆಯಿಂದ ತಾನಾಗಿ ಹಣ ಕಡಿತವಾಗುವ ಏರ್ಪಾಡು ರದ್ದಾಯಿತೇ ನೋಡಿ. ಅದು ರದ್ದಾಗದೆ ಇನ್ನೊಂದು ಕಂತು ಹೋಗಿಬಿಟ್ಟರೆ ವಾಪಸು ಪಡೆಯಲು ಬ್ಯಾಂಕಿನಲ್ಲಿ ಟೋಕನ್ ಹಿಡಿದು ಕಾಯಬೇಕು. ಹೋಗುವಾಗ ಸ್ವೆಟರ್ ಮರೆಯಬೇಡಿ, ಅಲ್ಲಿಯ ಏಸಿ ಯಾವ ಕಾಲದಲ್ಲೂ ಆರುವುದಿಲ್ಲ.