ಡೈಸೆಕ್ ಕೆಟ್ಟಿಲ್ಲ ಸ್ವಾಮಿ, ಕೂರಿಸಿದ ಕೈ ಕೆಟ್ಟಿದೆ

ತಾರಸಿ ಮೇಲೆ ಮೂರು ಡಿಶ್, ಕೆಳಗೆ ಒಂದೇ ಬಾಕ್ಸ್, ನಡುವೆ ಬೇಕಾದ ಡಿಶ್ ಆರಿಸಿಕೊಡುವ ಅಂಗೈಯಗಲದ ಒಂದು ತಗಡಿನ ಡಬ್ಬಿ, ಅದೇ ಡೈಸೆಕ್ ಸ್ವಿಚ್. ಚಾನೆಲ್ ಹೋಯ್ತು ಅಂದ್ರೆ ರಿಪೇರಿಗೆ ಬಂದವನ ಬಾಯಲ್ಲಿ ಬರೋದು ಒಂದೇ ಮಾತು: "ಡೈಸೆಕ್ ಹೋಗಿದೆ ಸರ್, ಹೊಸದು ಹಾಕ್ಬೇಕು." ಮೀಟರ್ ಹೊರಗೆ ತೆಗೆದಿಲ್ಲ, ವೈರಿನ ತುದಿಯ ಪಿನ್ ಬಿಚ್ಚಿಲ್ಲ, ಮೆನು ತೆರೆದಿಲ್ಲ. ಅಷ್ಟರಲ್ಲೇ ತೀರ್ಪು!

ಅಂಗಡಿಯವರದ್ದು ಇನ್ನೊಂದು ಕರ್ಮ. ನಾಲ್ಕು ತೂತು ಇದ್ದರೆ ಎಲ್ಲವೂ ಅವರಿಗೆ ಒಂದೇ. ಡೈಸೆಕ್ ಕೇಳಿದರೆ ಕೇಬಲ್ ಟಿವಿ ಸ್ಪ್ಲಿಟರ್ ಕೊಟ್ಟು ಕಳಿಸ್ತಾರೆ. ಅದರ ಮೈ ಮೇಲೆ 5-1000 ಮೆಗಾಹರ್ಟ್ಸ್ ಅಂತ ಬರೆದೇ ಇರುತ್ತೆ. ಡಿಶ್ ಮುಂದೆ ಕೂತು ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಯಿಂದ ಇಳಿಯುವ ಸಿಗ್ನಲ್ 950ರಿಂದ 2150. ಹೋಗಲಿ, 2400ರ ತನಕ ಬಿಡುವ ಸ್ಯಾಟಲೈಟ್ ಸ್ಪ್ಲಿಟರ್ ಕೊಟ್ಟರೂ ಅದು ಆರಿಸಿಕೊಡಲ್ಲ, ಕಲಸಿಕೊಡುತ್ತೆ. ಎರಡು ಎಲ್‌ಎನ್‌ಬಿಗೂ ಒಟ್ಟಿಗೆ ಕರೆಂಟ್ ಹೋಗಿ, ಎರಡೂ ಆಕಾಶದ ಸಿಗ್ನಲ್ ಒಂದರ ಮೇಲೊಂದು ಬಿದ್ದು ಚಿತ್ರಾನ್ನ. ಬಾಕ್ಸ್ ಕಳಿಸುವ ಆದೇಶ ಕೇಳಿ ಒಂದು ಪೋರ್ಟ್ ಮಾತ್ರ ತೆರೆಯೋದು ಡೈಸೆಕ್ ಸ್ವಿಚ್‌ನ ಕೆಲಸ. ಅದರಲ್ಲಿ 1.0 ಅನ್ನೋ ಆವೃತ್ತಿ ಆದರೆ ನಾಲ್ಕು ಪೋರ್ಟ್, 1.1 ಆದರೆ ಹದಿನಾರರವರೆಗೆ, ಆದರೆ ಬಾಕ್ಸ್ ಮೆನುವಿನಲ್ಲೂ 1.1 ಇರಬೇಕು. ಇಲ್ಲದ ಬಾಕ್ಸಿಗೆ ಎಂಟು ಪೋರ್ಟಿನ ಸ್ವಿಚ್ ಮಾರುವವರಿಗೆ ಏನು ಹೇಳೋದು?

22ಕೆ ಸ್ವಿಚ್ ಬೇರೆಯೇ ಜಾತಿ. ಎರಡೇ ಪೋರ್ಟ್: '0' ಮತ್ತು '22ಕೆ'. ಬಾಕ್ಸ್ 22 ಕಿಲೋಹರ್ಟ್ಸ್ ಟೋನ್ ಕಳಿಸಿದರೆ ಎರಡನೆಯದಕ್ಕೆ ತಿರುಗುತ್ತೆ. ಎಡವಟ್ಟು ಏನಂದ್ರೆ, ಸಣ್ಣ ಡಿಶ್‌ಗೆ ಹಾಕುವ ಯೂನಿವರ್ಸಲ್ ಕೆಯು-ಬ್ಯಾಂಡ್ ಎಲ್‌ಎನ್‌ಬಿ ಕೂಡ 11700 ಮೆಗಾಹರ್ಟ್ಸ್ ಮೇಲಿನ ಬ್ಯಾಂಡಿಗೆ ಹಾರೋದು ಇದೇ ಟೋನಿನಿಂದ. ಡಿಡಿ ಫ್ರೀ ಡಿಶ್ ಇರೋದು 93.5 ಡಿಗ್ರಿಯ ಜಿಸ್ಯಾಟ್-15ರಲ್ಲಿ, ಅದರ ಟಿಪಿಗಳು (ಚಾನೆಲ್ ಕಳಿಸುವ ಟ್ರಾನ್ಸ್‌ಪಾಂಡರ್‌ಗಳು) 11700ರ ಕೆಳಗೇ ಇವೆ. ಹಾಗಾಗಿ ಅದನ್ನು '0'ಗೆ, ಆರಡಿ ಡಿಶ್‌ನ ಸಿ-ಬ್ಯಾಂಡನ್ನು '22ಕೆ'ಗೆ ಕೊಟ್ಟರೆ ಕೆಲಸ ಸಲೀಸು. ಆದರೆ ಮೆನುವಿನ ಎಲ್‌ಎನ್‌ಬಿ ಫ್ರೀಕ್ವೆನ್ಸಿ ಸಾಲಿನಲ್ಲಿ 9750/10600 ಅಂತ ಬಿಟ್ಟರೆ ಟೋನಿನ ಲಗಾಮು ಬಾಕ್ಸ್ ಕೈಗೇ ಹೋಗುತ್ತೆ, 22ಕೆ ಸಾಲು ಮಂಕಾಗಿ ಮುಟ್ಟಕ್ಕೇ ಬರಲ್ಲ. ಬರೀ 9750 ಅಂತ ಇಡಿ. ಸಿ-ಬ್ಯಾಂಡಿಗೆ 5150. ಇಷ್ಟು ಹೇಳೋಕೆ ಬಾಯಿ ನೋಯುತ್ತಾ?

ಇನ್ನು ಆ ದರಿದ್ರ ಫ್ಯಾಕ್ಟರಿ ರೀಸೆಟ್. ಒಂದು ಚಾನೆಲ್ ಬರಲಿಲ್ಲ ಅಂತ ರೀಸೆಟ್ ಒತ್ತುತ್ತಾರೆ, ಮೂರು ಡಿಶ್‌ನ ಪೋರ್ಟ್ ಸೆಟ್ಟಿಂಗೂ ಅಳಿಸಿಹೋಗುತ್ತೆ. ಮೇಲೆ, ಡೈಸೆಕ್ ಸಾಲು 'ಆಫ್' ಇರುವಾಗಲೇ ಬ್ಲೈಂಡ್ ಸ್ಕ್ಯಾನ್, ಅಂದ್ರೆ ಸಿಕ್ಕ ಚಾನೆಲ್ಲನ್ನೆಲ್ಲ ಹುಡುಕಿ ತುಂಬೋದು! ಆಗ ಯಾವ ಪೋರ್ಟ್ ತೆರೆದಿತ್ತೋ ಆ ಡಿಶ್‌ನ ಚಾನೆಲ್ಲುಗಳೆಲ್ಲ ತಪ್ಪು ಉಪಗ್ರಹದ ಹೆಸರಲ್ಲಿ ಹೋಗಿ ಕೂರುತ್ತವೆ. ಮೆನು ಬರೆದವರೂ ಸಾಮಾನ್ಯರಲ್ಲ. ಪೋರ್ಟಿನ ಹೆಸರು ಒಂದರಲ್ಲಿ 1/4, 2/4. ಇನ್ನೊಂದರಲ್ಲಿ ಎ, ಬಿ, ಸಿ, ಡಿ. ಮತ್ತೊಂದರಲ್ಲಿ ಎಎ, ಎಬಿ, ಬಿಎ, ಬಿಬಿ. ಈ ಕೊನೆಯದರಲ್ಲಿ 2 ಮತ್ತು 3 ಅದಲುಬದಲಾಗೋದುಂಟು. ಬರಲಿಲ್ಲ ಅಂದ್ರೆ ಇನ್ನೊಂದನ್ನು ಹಾಕಿ ನೋಡಿ, ತಾರಸಿ ಹತ್ತಬೇಡಿ.

ನಿಜವಾಗಿ ಕೆಡೋದು ಎಲ್ಲಿ ಗೊತ್ತಾ? ಪಿನ್‌ನಲ್ಲಿ. ಆರ್‌ಜಿ-6 ವೈರಿನ ಜಾಲರಿಯ ಕೂದಲೆಳೆಯಷ್ಟು ತಂತಿ ನಡುತಂತಿಗೆ ತಗುಲಿದರೆ ಸಾಕು, ಪರದೆ ಮೇಲೆ 'ಎಲ್‌ಎನ್‌ಬಿ ಶಾರ್ಟ್'. ಬಾಕ್ಸ್ ಚಾಲೂ ಇರುವಾಗಲೇ ಪಿನ್ ತಿರುಪುವವರಿಂದ ಸ್ವಿಚ್ಚೂ ಸುಡುತ್ತೆ, ಬಾಕ್ಸಿನ ಪವರ್ ಭಾಗವೂ ಸುಡುತ್ತೆ. ರಿಮೋಟಿನಲ್ಲಿ ಆಫ್ ಮಾಡಿದ್ದು ಆಫ್ ಅಲ್ಲ, ಪ್ಲಗ್ ಕೀಳಬೇಕು. ಮಳೆಗಾಲದಲ್ಲಿ ಕರಾವಳಿ, ಮಲೆನಾಡಿನ ಯಾವ ತಾರಸಿ ಹತ್ತಿದರೂ ಅದೇ ದೃಶ್ಯ: ಪೋರ್ಟುಗಳು ಆಕಾಶ ನೋಡುವಂತೆ ಕಟ್ಟಿದ ಸ್ವಿಚ್, ಮೇಲೆ ಕಪ್ಪು ಇನ್ಸುಲೇಷನ್ ಟೇಪಿನ ಎರಡು ಸುತ್ತು. ಬಿಸಿಲಿಗೆ ಅಂಟು ಬಿಟ್ಟು, ನೀರು ಒಳಗಿಳಿದು, ಪಿನ್ ಬಿಚ್ಚಿದರೆ ಹಸಿರು ಕಿಲುಬು. ಪೋರ್ಟ್ ಕೆಳಮುಖ ಇರಲಿ, ವೈರು ಪಿನ್‌ಗೆ ಬರುವ ಮುಂಚೆ ಜೋತು ಬಿದ್ದು ಮೇಲೇರಲಿ, ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತೆ.

ಅರ್ಧ ಚಾನೆಲ್ ಬಂದು ಅರ್ಧ ಬರದಿದ್ದರೂ ಬೈಗುಳ ಡೈಸೆಕ್‌ಗೇ. ಸಿಗ್ನಲ್ ಎರಡು ಬಗೆ, ಅದನ್ನು ಆರಿಸೋಕೆ ಬಾಕ್ಸ್ ಎಲ್‌ಎನ್‌ಬಿಗೆ ಕಳಿಸೋದು ವರ್ಟಿಕಲ್‌ಗೆ 13 ವೋಲ್ಟ್, ಹಾರಿಜಾಂಟಲ್‌ಗೆ 18. ತಾಮ್ರ ಲೇಪಿಸಿದ ಅಗ್ಗದ ಉಕ್ಕಿನ ವೈರು ಉದ್ದಕ್ಕೆ ಎಳೆದಿದ್ದರೆ ಮೇಲೆ ತಲುಪುವಾಗ 18 ಹೋಗಿ ಸುಮಾರು 15ಕ್ಕೆ ಇಳಿದಿರುತ್ತೆ, ಹಾರಿಜಾಂಟಲ್ ಪೂರ್ತಿ ಮಾಯ. ಇನ್ನು ಸಿ-ಬ್ಯಾಂಡ್ ಮಾತ್ರ ಕೈಕೊಟ್ಟು ಕೆಯು ಚೆನ್ನಾಗಿದ್ದರೆ ಹತ್ತಿರದಲ್ಲಿ 5ಜಿ ಟವರ್ ಎದ್ದಿದೆಯಾ ನೋಡಿ. 2022ರಲ್ಲಿ ಹರಾಜಾದ 3300-3670ರ ಬ್ಯಾಂಡು, 3400ರಿಂದಲೇ ಕಿವಿ ತೆರೆದಿರುವ ಹಳೇ ಎಲ್‌ಎನ್‌ಬಿಯನ್ನು ಕಿವುಡು ಮಾಡುತ್ತೆ. ಅದಕ್ಕೆ ಬೇಕಾದ್ದು ಫಿಲ್ಟರ್, ಹತ್ತು ಡೈಸೆಕ್ ಬದಲಿಸಿದರೂ ಪ್ರಯೋಜನ ಇಲ್ಲ.

ಸ್ವಿಚ್ ಕೆಟ್ಟಿದೆಯಾ ಇಲ್ಲವಾ ತಿಳಿಯೋಕೆ ಬೇಕಾದ್ದು ಎರಡು ಪಿನ್ ಸೇರಿಸುವ ಒಂದು ಎಫ್ ಜಾಯಿಂಟರ್. ಪ್ಲಗ್ ಕಿತ್ತು, ಸ್ವಿಚ್ ಬಿಚ್ಚಿ ಪಕ್ಕಕ್ಕಿಟ್ಟು, ಬರದೇ ಇರುವ ಡಿಶ್‌ನ ವೈರನ್ನು ಕೆಳಗಿಳಿಯುವ ವೈರಿಗೆ ನೇರ ಜೋಡಿಸಿ. ಮೆನುವಿನಲ್ಲಿ ಡೈಸೆಕ್ ಆಫ್. ಸಿಗ್ನಲ್ ಪಟ್ಟಿ ಏರಿತಾ, ಮೆನುವಿನ ಪೋರ್ಟ್ ನಂಬರೂ ಸರಿ ಇತ್ತಾ, ಆಗ ಸ್ವಿಚ್ ಬದಲಿಸಿ, ದುಡ್ಡು ತಗೊಳ್ಳಿ, ಯಾರೂ ಬೇಡ ಅನ್ನಲ್ಲ. ಏರಲಿಲ್ಲವಾ, ಆ ಹೊಸ ಡಬ್ಬಿ ನಿಮ್ಮ ಬ್ಯಾಗಲ್ಲೇ ಇರಲಿ.